ಪಾರ್ಶ್ವವಾಯು ಬಂದು ಹೋದ ಮನೆಯಲ್ಲಿ

ಕಳೆದ ತಿಂಗಳ ಮೂರನೇ ಜುಮಾದಂದು ನಮ್ಮ ಮಸೀದಿಯಲ್ಲಿ ರೋಗಿಗಳ ಹಕ್ಕುಗಳ ಕುರಿತು ಮಾತನಾಡಿದ್ದೆವು. ಖುತ್ಬಾಕ್ಕೆ ಮೊದಲಿನ ಕನ್ನಡ ಬಯಾನ್‌ಗೆ ಸಿಗುವುದೇ ಇಪ್ಪತ್ತು ನಿಮಿಷ. ಪಾರ್ಶ್ವವಾಯುವಿನ ವಿಷಯಕ್ಕೆ ಅದರಲ್ಲಿ ಐದು ನಿಮಿಷವೂ ಉಳಿಯಲಿಲ್ಲ. ಆದರೆ ನಮಾಝ್ ಮುಗಿದ ಮೇಲೆ ಮಿಹ್ರಾಬಿನ ಬಳಿ ನಿಂತ ಏಳೆಂಟು ಮಂದಿ ಕೇಳಿದ್ದೆಲ್ಲ ಅದನ್ನೇ. ಒಬ್ಬರ ತಂದೆ, ಇನ್ನೊಬ್ಬರ ಅತ್ತೆ, ಮತ್ತೊಬ್ಬರ ಅಣ್ಣ. ಇಷ್ಟು ಮನೆಗಳಲ್ಲಿ ಈ ರೋಗಿಗಳಿದ್ದಾರೆಂದು ನಮಗೇ ತಿಳಿದಿರಲಿಲ್ಲ. ಆದ್ದರಿಂದ ಈ ಸಲ ಬಯಾನಿನ ಸಾರಾಂಶ ಕೊಡುವ ಬದಲು ಆ ಒಂದು ವಿಷಯವನ್ನೇ ಬಿಡಿಸಿ ಬರೆಯುತ್ತಿದ್ದೇವೆ. ನಾವು ವೈದ್ಯರಲ್ಲ. ನಮ್ಮ ಜಮಾಅತಿನ ವೈದ್ಯರೊಬ್ಬರು ಹಾಗೂ ಫಿಸಿಯೋಥೆರಪಿ ಮಾಡುವ ಒಬ್ಬ ಸಹೋದರಿಯಿಂದ ಕೇಳಿ ತಿಳಿದದ್ದು, ವರ್ಷಗಳಿಂದ ರೋಗಿಗಳ ಮನೆಗೆ ಹೋಗಿ ಬಂದು ಕಂಡದ್ದು, ಇವೇ ಇಲ್ಲಿವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಮಿಂಬರಿನ ಮೇಲೆ ಅದನ್ನು ಅರ್ಧ ಹೇಳಿ ನಿಲ್ಲಿಸಿದ್ದೆವು.

ನಮ್ಮ ಮೊಹಲ್ಲಾದಲ್ಲಿ ಒಬ್ಬ ದರ್ಜಿ ಚಾಚಾ ಇದ್ದಾರೆ. ನಾಲ್ಕು ವರ್ಷಗಳ ಹಿಂದೆ ಒಂದು ದಿನ ಬೆಳಗ್ಗೆ ಐದು ಗಂಟೆಗೆ ವುಝೂ ಮಾಡಲು ಎದ್ದವರು ಕೈಯಿಂದ ಚೊಂಬು ಬೀಳಿಸಿಕೊಂಡು ಅಲ್ಲೇ ಕುಸಿದರು. ಫಜ್ರ್ ಮುಗಿಯುತ್ತಿದ್ದಂತೆ ಮಗ ಓಡಿ ಬಂದ. "ಹಝ್ರತ್, ಅಬ್ಬಾರ ಬಾಯಿ ವಾರೆಯಾಗಿದೆ, ಬಲಗೈ ಎತ್ತಲಾಗುತ್ತಿಲ್ಲ, ರಾತ್ರಿ ಅಂಗಡಿಯಿಂದ ಬರುವಾಗ ಗಾಳಿ ತಗುಲಿರಬೇಕು, ಬಂದು ದಮ್ ಮಾಡಿ" ಎಂದ. ನಾವು ಹೋದೆವು. ಓದಿದೆವು, ನೀರಿಗೆ ಊದಿದೆವು. ಅಷ್ಟರಲ್ಲಿ ಪಕ್ಕದ ಮನೆಯವರು ಕಾಡುಪಾರಿವಾಳ ಸಿಗುತ್ತದೆಯೇ ಎಂದು ಯಾರಿಗೋ ಫೋನ್ ಮಾಡುತ್ತಿದ್ದರು. ಮನೆಯಿಂದ ವಾಹನ ಹೊರಟಾಗ ಏಳೂಕಾಲು. ತಾಲ್ಲೂಕು ಆಸ್ಪತ್ರೆಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿ ತಲೆಯ ಸ್ಕ್ಯಾನ್ ಆಗುವಾಗ ಹತ್ತೂವರೆ. ರಕ್ತದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಕೊಡಲು ರೋಗ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯ ಗಡುವು ಇರುತ್ತದೆ, ಅದು ದಾಟಿದೆ ಎಂದು ಅಲ್ಲಿಯ ವೈದ್ಯರು ಹೇಳಿದರು. ಐದರಿಂದ ಹತ್ತೂವರೆಗೆ ಐದೂವರೆ ಗಂಟೆ. ಅದರಲ್ಲಿ ಒಂದೂವರೆ ಗಂಟೆ ನಾವು ಅವರ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ ಹೊತ್ತು. ಲೆಕ್ಕ ಎಲ್ಲರಿಗೂ ಬರುತ್ತದೆ.

ಆ ಇಂಜೆಕ್ಷನ್ ಸಿಕ್ಕಿದ್ದರೆ ಅವರು ಪೂರ್ತಿ ಗುಣವಾಗುತ್ತಿದ್ದರು ಎಂದು ಯಾರೂ ಹೇಳಲಾರರು, ಸಿಕ್ಕವರೆಲ್ಲ ಗುಣವಾಗುವುದೂ ಇಲ್ಲ. ಆದರೆ ಸಹಾಬಿಗಳು ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದಾಗ ಪ್ರವಾದಿ(ಸ)ರವರು ಚಿಕಿತ್ಸೆ ಪಡೆಯಿರಿ ಎಂದೇ ಆದೇಶಿಸಿದ್ದರು ಎಂಬುದನ್ನು ಮದ್ರಸಾದಲ್ಲಿ ಓದಿ, ಇತರರಿಗೂ ಓದಿಸಿದವರು ನಾವು. ದುಆ ವಾಹನದೊಳಗೂ ಮಾಡಬಹುದಿತ್ತು. ಈಗ ಯಾರಾದರೂ ಹೀಗೆ ಕರೆಯಲು ಬಂದರೆ ನಾವು ಮೊದಲು 108ಕ್ಕೆ ಫೋನ್ ಮಾಡಿಸುತ್ತೇವೆ, ಆಮೇಲೆ ಚಪ್ಪಲಿ ಮೆಟ್ಟುತ್ತೇವೆ.

ಆಗುವುದೇನು?

ನಮ್ಮ ಕಡೆ ಇದಕ್ಕೆ ಲಕ್ವಾ ಎನ್ನುತ್ತಾರೆ, ಸ್ಟ್ರೋಕ್ ಎನ್ನುತ್ತಾರೆ. ಅರಬಿ ಗ್ರಂಥಗಳಲ್ಲಿ ಲಕ್ವಾ ಎಂದರೆ ಮುಖ ವಾರೆಯಾಗುವುದು ಮಾತ್ರ, ಅರ್ಧ ದೇಹ ಬಿದ್ದುಹೋಗುವುದಕ್ಕೆ ಫಾಲಿಜ್ ಎಂಬ ಬೇರೆಯೇ ಹೆಸರಿದೆ. ಹಳೆಯ ಹಕೀಮರಿಗೆ ಇವೆರಡೂ ಬೇರೆಯೆಂದು ಗೊತ್ತಿತ್ತು. ನಾವು ಎರಡನ್ನೂ ಒಂದೇ ಪದದಲ್ಲಿ ಕರೆದು, ಎರಡಕ್ಕೂ ಒಂದೇ ಎಣ್ಣೆ ತಿಕ್ಕುತ್ತೇವೆ. ಮುಖದ ನರ ಮಾತ್ರ ಕೆಟ್ಟದ್ದೋ, ಮಿದುಳಿಗೇ ಪೆಟ್ಟಾದದ್ದೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಹೋಗಬೇಡಿ.

ರೋಗ ಇರುವುದು ಕೈಯಲ್ಲೂ ಅಲ್ಲ, ಕಾಲಲ್ಲೂ ಅಲ್ಲ. ಮಿದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪಿನಿಂದ ಮುಚ್ಚಿಹೋಗುತ್ತದೆ, ಇಲ್ಲವೇ ಒಡೆದು ರಕ್ತ ಒಳಗೆ ಸೋರುತ್ತದೆ. ಮುಚ್ಚಿಹೋಗುವುದೇ ಹೆಚ್ಚು. ದೊಡ್ಡ ನಾಳವೊಂದು ಮುಚ್ಚಿದರೆ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಎರಡು ವಿಧಗಳೂ ಹೊರಗಿನಿಂದ ಒಂದೇ ತರಹ ಕಾಣುತ್ತವೆ, ಸ್ಕ್ಯಾನ್ ಇಲ್ಲದೆ ಗೊತ್ತಾಗುವುದಿಲ್ಲ. ಹಾಗಾಗಿ ಮನೆಯಲ್ಲಿರುವ ಆಸ್ಪಿರಿನ್ ಮಾತ್ರೆಯನ್ನು ಬಾಯಿಗೆ ಹಾಕುವುದು ತಪ್ಪು, ರಕ್ತ ಸೋರುತ್ತಿದ್ದರೆ ಅದು ಇನ್ನಷ್ಟು ಸೋರುತ್ತದೆ. ನೀರು ಕುಡಿಸುವುದೂ ತಪ್ಪು. ಝಮ್‌ಝಮ್ ಆದರೂ ಸರಿ, ಕುಡಿಸಬಾರದು, ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನಗಲು ಹೇಳಿ, ಬಾಯಿ ಒಂದು ಕಡೆಗೆ ಎಳೆಯುತ್ತದೆಯೇ ನೋಡಿ. ಎರಡೂ ಕೈ ಮುಂದಕ್ಕೆ ಎತ್ತಲು ಹೇಳಿ. ಹೆಸರು ಹೇಳಲು ಹೇಳಿ. ಇವುಗಳಲ್ಲಿ ಒಂದು ತಪ್ಪಿದರೂ ಗಡಿಯಾರ ನೋಡಿಕೊಂಡು ಹೊರಡಿ. "ಎಷ್ಟು ಗಂಟೆಗೆ ಶುರುವಾಯಿತು?" ಎಂಬುದೇ ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ.

ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದಾದ ಮೇಲಿನದು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಎದುರಾಗುವ ವರ್ಷಗಳ ಕುರಿತು ಯಾರೂ ಯಾರಿಗೂ ಹೇಳುವುದಿಲ್ಲ.

ಬಲಗೈಯ ಸಂಕಟ

ಮಿದುಳಿನ ಎಡಭಾಗವು ದೇಹದ ಬಲಭಾಗವನ್ನೂ, ಬಲಭಾಗವು ದೇಹದ ಎಡಭಾಗವನ್ನೂ ನಡೆಸುತ್ತದೆ. ಚಾಚಾರಿಗೆ ಪೆಟ್ಟಾದದ್ದು ಎಡಭಾಗಕ್ಕೆ. ಬಲಗೈ ಮೊದಲು ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ಕೆಲವು ವಾರಗಳ ಮೇಲೆ ಬಿಗಿಯಾಗತೊಡಗಿತು, ಮೊಣಕೈ ಮಡಚಿ ಎದೆಗೆ ಬಂತು, ಬೆರಳುಗಳು ಮುಷ್ಟಿಯಾದವು. ಕೈಗೆ ಬಲ ಬರುತ್ತಿದೆ ಎಂದು ಮನೆಯವರು ಸಂತೋಷಪಟ್ಟರು. ಅದು ಬಲವಲ್ಲ, ಸ್ನಾಯುಗಳ ಬಿಗಿತ. ಆ ಕೈಯನ್ನು ದಿನವೂ ನಿಧಾನವಾಗಿ ಬಿಡಿಸಿ ಚಾಚಿಸದಿದ್ದರೆ ಹಾಗೆಯೇ ಗಂಟು ಕಟ್ಟಿ ನಿಲ್ಲುತ್ತದೆ, ಆಮೇಲೆ ಉಗುರು ಕತ್ತರಿಸುವುದಕ್ಕೂ, ಅಂಗೈ ತೊಳೆಯುವುದಕ್ಕೂ ಕಷ್ಟ.

ನೋಡಲು ಬಂದವರೆಲ್ಲ ಅದೇ ಬಲಗೈಯನ್ನು ಹಿಡಿದು ಮುಸಾಫಹಾ ಮಾಡುತ್ತಿದ್ದರು. ನಾವೂ ಮಾಡಿದ್ದೇವೆ. ಪ್ರತಿ ಸಲವೂ ಚಾಚಾ ಮುಖ ಕಿವಿಚುತ್ತಿದ್ದರು, ಅದು ದುಃಖದಿಂದ ಎಂದುಕೊಂಡಿದ್ದೆವು. ನಿತ್ರಾಣವಾದ ಭುಜದ ಕೀಲು ಸ್ನಾಯುಗಳ ಆಸರೆಯಿಲ್ಲದೆ ಸಡಿಲವಾಗಿ ಇಳಿದಿರುತ್ತದೆ, ಆ ಕೈಯನ್ನು ಎಳೆದರೆ ಜೀವ ಹೋದಂತೆ ನೋವಾಗುತ್ತದೆ ಎಂದು ಫಿಸಿಯೋಥೆರಪಿ ಸಹೋದರಿ ತಿಳಿಸಿದ ಮೇಲೆ ನಮಗೆ ನಾಚಿಕೆಯಾಯಿತು. ಎಬ್ಬಿಸುವಾಗಲೂ ಕಂಕುಳಿಗೆ ಕೈಹಾಕಿ ಎತ್ತಬಾರದು. ಸಲಾಮ್ ಹೇಳಿ, ಎಡಗೈಯ ಮೇಲೆ ಕೈಯಿಡಿ, ಸಾಕು.

ಇನ್ನು ಊಟ. ಚಾಚಾ ಯಾರ ಎದುರೂ ಊಟ ಮಾಡುತ್ತಿರಲಿಲ್ಲ. ತಟ್ಟೆ ಇಟ್ಟು ಎಲ್ಲರೂ ಹೊರಗೆ ಹೋದರೆ ಮಾತ್ರ ತಿನ್ನುತ್ತಿದ್ದರು. ಮಗಳು ತುತ್ತು ಕೊಟ್ಟರೆ ಬಾಯಿ ಬಿಗಿಹಿಡಿಯುತ್ತಿದ್ದರು. ಕಾರಣ ಹೇಳಲು ಅವರಿಗೆ ಮಾತಿಲ್ಲ. ಎರಡು ತಿಂಗಳಾದ ಮೇಲೆ ಚಾಚಿ ಕಂಡುಕೊಂಡರು. ಜೀವನವಿಡೀ ಮಕ್ಕಳಿಗೆ, ಮೊಮ್ಮಕ್ಕಳಿಗೆ, ಅಂಗಡಿಯ ಹುಡುಗರಿಗೆ ಎಡಗೈಯಲ್ಲಿ ತಿನ್ನಬೇಡ ಎಂದು ಗದರಿಸಿದ ಮನುಷ್ಯ ಈಗ ಎಡಗೈಯಲ್ಲಿ ತಿನ್ನಬೇಕಾಗಿದೆ. ಅದನ್ನು ಮೊಮ್ಮಗ ನೋಡಬಾರದು, ಅಷ್ಟೇ ಅವರ ಹಟ. ನಾವು ಹೋಗಿ ಅವರ ಪಕ್ಕದಲ್ಲಿ ಕುಳಿತು, ಮೊಮ್ಮಗನನ್ನೂ ಕೂರಿಸಿಕೊಂಡು ಹೇಳಿದೆವು. ಎಡಗೈಯಲ್ಲಿ ತಿನ್ನಬಾರದೆಂಬ ಪ್ರವಾದಿ(ಸ)ರವರ ಆದೇಶ ಬಲಗೈ ಆಡುವವನಿಗೆ. ರೋಗದಿಂದಲೋ ಗಾಯದಿಂದಲೋ ಬಲಗೈ ಬಾರದವನಿಗೆ ಅದರಲ್ಲಿ ಯಾವ ದೋಷವೂ ಇಲ್ಲವೆಂದು ಇಮಾಮ್ ನವವಿಯವರು ಸ್ಪಷ್ಟವಾಗಿ ಬರೆದಿದ್ದಾರೆ. ಚಾಚಾ ಬಹಳ ಹೊತ್ತು ನಮ್ಮ ಮುಖವನ್ನೇ ನೋಡಿದರು. ಅಂದು ನಮ್ಮ ಜೊತೆ ತಿಂದದ್ದು ಎರಡೇ ತುತ್ತು. ಈ ಮಸ್ಅಲಾ ನಮಗೆ ಇಪ್ಪತ್ತು ವರ್ಷಗಳಿಂದ ಗೊತ್ತಿತ್ತು, ಬೇಕಾದವರಿಗೆ ಅದನ್ನು ಹೇಳಲು ಎರಡು ತಿಂಗಳು ತಡವಾಯಿತು.

ನುಂಗುವ ತೊಂದರೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಇದಿರುತ್ತದೆ. ಗಟ್ಟಿ ಪದಾರ್ಥಕ್ಕಿಂತ ನೀರು, ಚಹಾದಂಥ ತೆಳು ದ್ರವಗಳೇ ಹಲವರಿಗೆ ಅಪಾಯ. ಗಂಟಲಲ್ಲಿ ಕೆಮ್ಮು ಬಂದರೆ, ಉಂಡ ಮೇಲೆ ದನಿ ಒದ್ದೆಯಾದಂತೆ ಕೇಳಿದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಮಲಗಿಸಿಕೊಂಡು ಗಂಜಿ ಕುಡಿಸುವುದು ಪ್ರೀತಿಯಲ್ಲ. ನೇರವಾಗಿ ಕೂರಿಸಿ, ಸ್ವಲ್ಪ ಸ್ವಲ್ಪವಾಗಿ, ಮಾತನಾಡಿಸದೆ ಕೊಡಬೇಕು.

ಹೊರಗೆ ಕಾಣದ ಇನ್ನೊಂದು ತೊಂದರೆ ದಣಿವು. ಕೈಕಾಲು ಚೆನ್ನಾಗಿ ಸುಧಾರಿಸಿದವರೂ ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳುವಷ್ಟರಲ್ಲಿ ಇಡೀ ದಿನ ಗದ್ದೆ ಉತ್ತವರಂತೆ ಸುಸ್ತಾಗುತ್ತಾರೆ. ಸೋಮಾರಿತನವೆಂದು ಬೈಯುವವರಿದ್ದಾರೆ. ಉಳಿದಿರುವ ಮಿದುಳು ಹಳೆಯ ಕೆಲಸವನ್ನು ಹೊಸದಾಗಿ ಕಲಿಯುತ್ತಿದೆ, ಅದಕ್ಕೇ ಈ ಸುಸ್ತು ಎಂದು ವೈದ್ಯರು ವಿವರಿಸಿದರು. ರೋಗಿಯನ್ನು ನೋಡಲು ಹೋಗುವುದು ಬಹಳ ಪುಣ್ಯದ ಕೆಲಸ, ಅನುಮಾನವಿಲ್ಲ. ಆದರೆ ಹತ್ತು ಜನ ಒಟ್ಟಿಗೆ ಹೋಗಿ, ಒಂದು ಗಂಟೆ ಕುಳಿತು, ಯಾವ ಊರಿನಲ್ಲಿ ಯಾರಿಗೆ ಹೀಗಾಗಿ ಎಷ್ಟು ದಿನಕ್ಕೆ ತೀರಿಕೊಂಡರು ಎಂಬ ಕತೆ ಹೇಳಿ, ಚಾಚಿಯಿಂದ ಹತ್ತು ಲೋಟ ಚಹಾ ಮಾಡಿಸಿ ಬರುವುದಕ್ಕೆ ಏನು ಪ್ರತಿಫಲವಿದೆಯೋ ನಮಗೆ ತಿಳಿಯದು. ಹತ್ತು ನಿಮಿಷ ಸಾಕು.

ಅರ್ಧ ತಟ್ಟೆ

ನಮ್ಮ ಮನೆಯವರು ಮದ್ರಸಾದಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಾರೆ. ಅವರ ಪರಿಚಯದ ಒಬ್ಬ ತಾಯಿಗೆ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿತ್ತು. ಮಾತು ಸ್ಪಷ್ಟ, ನೆನಪು ಸ್ಪಷ್ಟ. ಆದರೆ ತಟ್ಟೆಯ ಬಲಗಡೆಯ ಅನ್ನವನ್ನಷ್ಟೇ ತಿಂದು ಇನ್ನೂ ಬಡಿಸಿ ಎನ್ನುತ್ತಿದ್ದರು, ಎಡಗಡೆಯ ಅನ್ನ ಹಾಗೆಯೇ ಇರುತ್ತಿತ್ತು. ದುಪಟ್ಟಾ ಒಂದೇ ಭುಜದ ಮೇಲೆ. ಎಡಗಡೆಯಿಂದ ಯಾರಾದರೂ ಮಾತನಾಡಿಸಿದರೆ ತಿರುಗುತ್ತಿರಲಿಲ್ಲ. ಸೊಸೆ ಎಡಗಡೆ ನಿಂತು ಕರೆದಾಗಲೆಲ್ಲ ಉತ್ತರ ಬಾರದಿದ್ದುದರಿಂದ ತನ್ನ ಮೇಲೆ ಕೋಪವೆಂದು ಆಕೆ ಎಷ್ಟೋ ದಿನ ಅತ್ತಳಂತೆ. ಕಣ್ಣು ಸರಿಯಿದ್ದರೂ ಒಂದು ಕಡೆಯ ಲೋಕವೇ ಮನಸ್ಸಿಗೆ ಬಾರದಿರುವ ಸ್ಥಿತಿ ಇದು. ಮಿದುಳಿನ ಬಲಭಾಗಕ್ಕೆ ಪೆಟ್ಟಾದವರಲ್ಲಿ ಹೆಚ್ಚು ಕಾಣುತ್ತದೆ. ಅಂಥವರಿಗೆ ತಮಗೆ ತೊಂದರೆಯಿದೆ ಎಂಬ ಅರಿವೇ ಇರುವುದಿಲ್ಲ, ಎದ್ದು ನಡೆಯಲು ಹೋಗಿ ಬೀಳುತ್ತಾರೆ. ತಟ್ಟೆಯನ್ನು ತಿರುಗಿಸಿಡಿ. ಎಡಗಡೆಗೆ ಗಮನ ಸೆಳೆಯುತ್ತಾ ಅಭ್ಯಾಸ ಮಾಡಿಸುವ ವಿಧಾನವನ್ನು ಫಿಸಿಯೋಥೆರಪಿಯವರು ಕಲಿಸಿಕೊಡುತ್ತಾರೆ.

ಇದೇ ತಾಯಿ ನಮಾಝ್ ಬಿಟ್ಟುಬಿಟ್ಟಿದ್ದರು. ಐವತ್ತು ವರ್ಷ ಒಂದು ಹೊತ್ತನ್ನೂ ಬಿಡದವರು. ರೋಗದಿಂದ ಮನಸ್ಸು ಕೆಟ್ಟಿದೆ ಎಂದು ಮನೆಯವರು ಭಾವಿಸಿದರು. ನಮ್ಮ ಮನೆಯವರು ಒಬ್ಬರೇ ಕುಳಿತು ಕೇಳಿದಾಗ ಕಾರಣ ಹೊರಬಂತು. ಮೂತ್ರ ತಡೆಯಲು ಆಗುವುದಿಲ್ಲ, ಎದ್ದು ಹೋಗುವಷ್ಟರಲ್ಲಿ ಬಟ್ಟೆ ಒದ್ದೆ. ಈ ಅಶುದ್ಧಿಯಲ್ಲಿ ಅಲ್ಲಾಹನ ಮುಂದೆ ಹೇಗೆ ನಿಲ್ಲಲಿ ಎಂಬುದು ಅವರ ಕೊರಗು. ಮಗನಿಗೆ ಹೇಳಲಾರರು, ಇಮಾಮರಿಗೆ ಹೇಳಿಸಲಾರರು.

ಪಾರ್ಶ್ವವಾಯುವಿನ ನಂತರ ಇದು ತೀರ ಸಾಮಾನ್ಯ, ಹಲವರಲ್ಲಿ ತಿಂಗಳುಗಳಲ್ಲಿ ಕಡಿಮೆಯೂ ಆಗುತ್ತದೆ. ಎರಡೆರಡು ಗಂಟೆಗೊಮ್ಮೆ ತಾವೇ ನೆನಪಿಸಿ ಕರೆದುಕೊಂಡು ಹೋಗುವುದು, ಹಾಸಿಗೆಯ ಬಳಿಯೇ ಕಮೋಡ್ ಕುರ್ಚಿ ಇಡುವುದು, ಇಷ್ಟರಿಂದಲೇ ಎಷ್ಟೋ ಸುಧಾರಿಸುತ್ತದೆ. ಇನ್ನು ಶರೀಅತ್ ಈ ಸ್ಥಿತಿಯಲ್ಲಿರುವವರನ್ನು ಮಅಝೂರ್ ಎಂದು ಪ್ರತ್ಯೇಕವಾಗಿ ಪರಿಗಣಿಸಿದೆ. ಹೊತ್ತಿನ ಪ್ರವೇಶವಾದ ಮೇಲೆ ವುಝೂ ಮಾಡಿಕೊಂಡರೆ, ನಡುವೆ ಮೂತ್ರ ಹನಿದರೂ ಆ ನಮಾಝ್ ನೆರವೇರುತ್ತದೆ. ಮೂತ್ರದ ನಳಿಕೆ ಹಾಕಿದವರಿಗೂ ಇದೇ ರಿಯಾಯಿತಿ. ವುಝೂವಿಗೆ ಬೇರೆಯವರು ನೀರು ಸುರಿಯಬಹುದು, ನೀರಿನಿಂದ ಹಾನಿಯಿದ್ದರೆ ತಯಮ್ಮುಮ್ ಇದೆ. ಮೂಲವ್ಯಾಧಿಯಿಂದ ನರಳುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ಅವರು ಕೇಳಿದಾಗ ಪ್ರವಾದಿ(ಸ)ರವರು ನಿಂತು, ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ತಿಳಿಸಿದ್ದು ಬುಖಾರಿಯಲ್ಲಿದೆ. ವಿವರಗಳಲ್ಲಿ ಮದ್‌ಹಬ್‌ಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸಗಳಿವೆ, ನಿಮ್ಮ ಉಲಮಾಗಳಲ್ಲಿ ಕೇಳಿಕೊಳ್ಳಿ. ಹೆಣ್ಣುಮಕ್ಕಳು ಹೆಂಗಸರ ಮೂಲಕವೇ ಕೇಳಿಸಬಹುದು. ಆದರೆ ಕೇಳಿ. ಆ ತಾಯಿ ಈಗ ಕುರ್ಚಿಯಲ್ಲಿ ಕುಳಿತು ಐದು ಹೊತ್ತೂ ನಮಾಝ್ ಮಾಡುತ್ತಾರೆ.

ಹೋದ ಮಾತು, ಉಳಿದ ಮಾತು

ಭಾಷೆಯ ಕೆಲಸ ಹೆಚ್ಚಿನವರಲ್ಲಿ ನಡೆಯುವುದು ಮಿದುಳಿನ ಎಡಭಾಗದಲ್ಲಿ. ಅದಕ್ಕೇ ಬಲಗೈ ಬಿದ್ದವರಲ್ಲಿ ಮಾತೂ ಹೋಗುವುದು ಹೆಚ್ಚು. ನಾಲಿಗೆ ತೊದಲುವುದು ಬೇರೆ, ಪದಗಳೇ ಸಿಗದಿರುವುದು ಬೇರೆ. ಚಾಚಾರದು ಎರಡನೆಯದು. ಕತ್ತರಿ ತೋರಿಸಿದರೆ ಏನೆಂದು ಗೊತ್ತು, ಹೆಸರು ಬಾರದು. ನೀರು ಬೇಕಾದಾಗ ಬಾಗಿಲು ಎಂದದ್ದೂ ಇದೆ. ಇದು ಬುದ್ಧಿ ಹೋದದ್ದಲ್ಲ. ಆದರೂ ಅವರ ಮುಂದೆಯೇ ಅವರ ಬಗ್ಗೆ ಮೂರನೆಯವರಂತೆ ಮಾತನಾಡುತ್ತೇವೆ, ಮಗುವಿನ ಜೊತೆ ಮಾತನಾಡುವಂತೆ ಕೂಗುತ್ತೇವೆ.

ಒಂದು ದಿನ ಮಗ್ರಿಬ್ ನಂತರ ನಾವು ಅವರ ಬಳಿ ಕುಳಿತು ಮೆಲ್ಲಗೆ ಸೂರಃ ಫಾತಿಹಾ ಓದತೊಡಗಿದಾಗ ಪಕ್ಕದಿಂದ ಇನ್ನೊಂದು ದನಿ ಸೇರಿತು. ಹೆಂಡತಿಯ ಹೆಸರು ಬಾರದ ಚಾಚಾ ಪೂರ್ತಿ ಫಾತಿಹಾ ಓದಿ ಮುಗಿಸಿದರು. ಚಾಚಿ ಅಡುಗೆಮನೆಯಿಂದ ಓಡಿ ಬಂದರು. ಮೊಹಲ್ಲಾದಲ್ಲಿ ಇದು ಕರಾಮತ್ ಎಂದು ಸುದ್ದಿಯಾಯಿತು, ನಮ್ಮ ಹೆಸರೂ ಅದರಲ್ಲಿ ಸೇರಿತು. ಹಾಗಲ್ಲ ಎಂದು ಇಲ್ಲಿ ಬರೆದು ಸ್ಪಷ್ಟಪಡಿಸುತ್ತೇವೆ. ಚಿಕ್ಕಂದಿನಿಂದ ಸಾವಿರಾರು ಸಲ ಹೇಳಿದ ಪ್ರಾರ್ಥನೆ, ಒಂದು ಎರಡು ಮೂರು ಎಂಬ ಎಣಿಕೆ, ವಾರದ ಹೆಸರುಗಳು ಯೋಚಿಸಿ ಹೇಳುವ ಮಾತಿನಂತಲ್ಲ, ಅವು ತಾವಾಗಿ ಹರಿಯುತ್ತವೆ. ಭಾಷೆಗೆ ಪೆಟ್ಟಾದವರಲ್ಲೂ ಅವು ಹಲವು ಸಲ ಉಳಿದುಕೊಂಡಿರುತ್ತವೆ. ಎಲ್ಲ ಧರ್ಮದವರಲ್ಲೂ ಹೀಗಾಗುತ್ತದೆ. ಬೈಗುಳ ಮಾತ್ರ ಉಳಿದವರೂ ಇದ್ದಾರೆ. ಜೀವನವಿಡೀ ಒಳ್ಳೆಯ ಮಾತನಾಡಿದ ತಂದೆ ಈಗ ಬೈಯುತ್ತಾರೆಂದು ಒಬ್ಬ ಮಗ ನಾಚಿಕೆಯಿಂದ ಹೇಳಿದ್ದ. ಅದು ತಂದೆಯ ಮನಸ್ಸಿನ ಮಾತಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ದಖ್ಖನಿ ಅಥವಾ ಬ್ಯಾರಿ, ಅಂಗಡಿಯಲ್ಲಿ ಕನ್ನಡ, ನಮಾಝ್‌ಗೆ ಅರಬಿ. ಪೆಟ್ಟಾದ ಮೇಲೆ ಎಲ್ಲ ಭಾಷೆಗಳೂ ಒಂದೇ ರೀತಿ ಮರಳುವುದಿಲ್ಲ. ಸ್ಪೀಚ್ ಥೆರಪಿಗೆ ಹೋದಾಗ ಮನೆಯ ಭಾಷೆ ಯಾವುದೆಂದು ಮೊದಲೇ ತಿಳಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶಕ್ಕೇ ದೊಡ್ಡದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಿಭಾಗವಿದೆ. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ. ಟಿವಿ ಆರಿಸಿ, ಎದುರು ಕುಳಿತು, ಚಿಕ್ಕ ವಾಕ್ಯದಲ್ಲಿ ಕೇಳಿ, ಹೌದು ಅಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ, ಆಮೇಲೆ ಕಾಯಿರಿ. ಅವರ ಬಾಯಿಂದ ಪದ ಕಿತ್ತುಕೊಂಡು ನೀವೇ ಮುಗಿಸಬೇಡಿ.

ಎರಡು ಬಗೆಯ ಅಳು

ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಚಾಚಾ ಎಲ್ಲದಕ್ಕೂ ಅಳುತ್ತಿದ್ದರು. ಸಲಾಮ್ ಹೇಳಿದರೆ ಅಳು, ಮೊಮ್ಮಗ ಬಂದರೆ ಅಳು. ಒಮ್ಮೆ ಜನಾಝಾದ ಸುದ್ದಿ ಕೇಳಿ ನಕ್ಕುಬಿಟ್ಟರು, ನಿಲ್ಲಿಸಲಾಗದೆ ನಕ್ಕರು. ನಾವು ಅವರ ಕೈ ಹಿಡಿದು ಸಬ್ರ್‌ನ ಮಹತ್ವ ವಿವರಿಸಿದೆವು. ಇಷ್ಟು ವರ್ಷ ಮೊದಲ ಸಫ್‌ನಲ್ಲಿ ನಿಂತವರಿಗೆ ಸಹನೆ ಇಷ್ಟೇ ಏನು ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ನಿಜ. ನಗು ಮತ್ತು ಅಳುವನ್ನು ಹತೋಟಿಯಲ್ಲಿಡುವ ಮಿದುಳಿನ ದಾರಿಗಳೇ ಕೆಟ್ಟಾಗ ಹೀಗಾಗುತ್ತದೆ, ಒಳಗೆ ದುಃಖವಿಲ್ಲದಿದ್ದರೂ ಅಳು ಬರುತ್ತದೆ, ಸಂತೋಷವಿಲ್ಲದಿದ್ದರೂ ನಗು ಬರುತ್ತದೆ, ಅದಕ್ಕೆ ಔಷಧವೂ ಇದೆ ಎಂದು ಆಮೇಲೆ ತಿಳಿಯಿತು. ಅಂಥ ಹೊತ್ತಿನಲ್ಲಿ ಗಾಬರಿಯಾಗದೆ ಬೇರೆ ಮಾತು ತೆಗೆದರೆ ಅದು ತಾನೇ ನಿಲ್ಲುತ್ತದೆ.

ಆದರೆ ಇದನ್ನು ತಿಳಿದುಕೊಂಡದ್ದೇ ಇನ್ನೊಂದು ತಪ್ಪಿಗೆ ದಾರಿಯಾಯಿತು. ಅಂಗಡಿಯ ಬಾಡಿಗೆ ಬಾಕಿಯಿತ್ತು, ಔಷಧದ ಖರ್ಚಿತ್ತು. ಐದನೇ ತಿಂಗಳಲ್ಲಿ ಮಗ ಹೊಲಿಗೆ ಯಂತ್ರವನ್ನು ಮಾರಿದ. ಅವರ ಕಣ್ಣೆದುರೇ ಇಬ್ಬರು ಬಂದು ಎತ್ತಿಕೊಂಡು ಹೋದರು. ಅಂದು ಚಾಚಾ ಇಡೀ ದಿನ ಅತ್ತರು, ಅದು ಕಾಯಿಲೆಯ ಅಳು ಎಂದು ಎಲ್ಲರೂ ಸುಮ್ಮನಾದರು. ಅದಾದ ಮೇಲೆ ಅಳು ನಿಂತಿತು. ಊಟವೂ ಬೇಡ, ವ್ಯಾಯಾಮವೂ ಬೇಡ, ರಾತ್ರಿ ನಿದ್ದೆಯಿಲ್ಲ, ಗೋಡೆಗೆ ಮುಖ ಮಾಡಿ ಮಲಗುವುದು. ಫಿಸಿಯೋಥೆರಪಿ ಸಹೋದರಿಯೇ ಇದು ಬೇರೆ ಎಂದು ಗುರುತಿಸಿ ವೈದ್ಯರ ಬಳಿ ಕಳಿಸಿದ್ದು. ಪಾರ್ಶ್ವವಾಯುವಿನಿಂದ ಬದುಕುಳಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದು ಈಮಾನಿನ ಕೊರತೆಯಲ್ಲ, ಚಿಕಿತ್ಸೆಯಿರುವ ಕಾಯಿಲೆ. ಚಿಕಿತ್ಸೆಯಾಗದಿದ್ದರೆ ಕೈಕಾಲಿನ ಚೇತರಿಕೆಯೂ ನಿಲ್ಲುತ್ತದೆ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಉಚಿತವಾಗಿ ಮಾತನಾಡಬಹುದು, ಮನೆಯಲ್ಲಿ ನೋಡಿಕೊಳ್ಳುವವರೂ ಮಾಡಬಹುದು. ಮಗನನ್ನು ನಾವು ದೂಷಿಸುವುದಿಲ್ಲ, ಅವನ ಕೈಯಲ್ಲಿ ಬೇರೆ ದಾರಿಯಿರಲಿಲ್ಲ. ಒಂದು ಮಾತು ತಂದೆಯನ್ನು ಕೇಳಬಹುದಿತ್ತು. ಅವರಿಗೆ ಹೌದು ಅಲ್ಲ ಎನ್ನಲು ಬರುತ್ತಿತ್ತು.

ನೋಡಿಕೊಳ್ಳುವವರು ಎಂದೆವು. ಹೆಚ್ಚಿನ ಮನೆಗಳಲ್ಲಿ ಅದು ಹೆಂಡತಿ, ಸೊಸೆ ಅಥವಾ ಮದುವೆ ಮುಂದೂಡಿದ ಮಗಳು. ಚಾಚಿಗೆ ಮಂಡಿನೋವು, ಶುಗರ್. ರಾತ್ರಿ ನಾಲ್ಕು ಸಲ ಏಳುತ್ತಾರೆ. ಸೇವೆಯಿಂದ ಜನ್ನತ್ ಸಿಗುತ್ತದೆ ಎಂದು ಅವರಿಗೆ ನೆನಪಿಸುವವರು ಬಹಳ, ಶುಕ್ರವಾರ ಒಂದು ಹೊತ್ತು ನಾವು ಕೂರುತ್ತೇವೆ ನೀವು ಮಲಗಿ ಎನ್ನುವ ಮೈದುನರು ಕಡಿಮೆ.

ನೋಟ

ಚಾಚಾ ಎರಡನೇ ವರ್ಷ ಕೋಲು ಹಿಡಿದು ನಡೆದರು. ಮನೆಯಿಂದ ಮಸೀದಿಗೆ ಇನ್ನೂರು ಹೆಜ್ಜೆ. ಆದರೂ ಬರಲಿಲ್ಲ. ಒಮ್ಮೆ ಬಂದಿದ್ದರಂತೆ, ವುಝೂ ಖಾನೆಯಲ್ಲಿ ಬಾಯಿ ಮುಕ್ಕಳಿಸುವಾಗ ನೀರು ಪಕ್ಕಕ್ಕೆ ಸೋರಿತು, ಹುಡುಗರು ನೋಡಿದರು, ಅವರು ತಿರುಗಿ ಮನೆಗೆ ಹೋದರು. ಯಾರೂ ನಗಲಿಲ್ಲ, ಬರೀ ನೋಡಿದ್ದು.

ತಾಬಿಈಗಳಲ್ಲಿ ಅಬಾನ್ ಬಿನ್ ಉಸ್ಮಾನ್ ಎಂಬವರಿದ್ದರು. ಖಲೀಫಾ ಉಸ್ಮಾನ್(ರ) ಅವರ ಮಗ, ಮದೀನಾದ ರಾಜ್ಯಪಾಲರಾಗಿದ್ದವರು. ಬೆಳಗ್ಗೆ ಸಂಜೆ ಮೂರು ಸಲ ಹೇಳಿದರೆ ಹಾನಿಯಾಗದು ಎಂಬ ಪ್ರಸಿದ್ಧ ದುಆ ಇದೆಯಲ್ಲ, ಅದನ್ನು ತಂದೆಯಿಂದ ಕೇಳಿ ವರದಿ ಮಾಡಿದವರು ಅವರೇ. ಅವರಿಗೇ ಫಾಲಿಜ್ ಬಡಿಯಿತು. ಈ ಹದೀಸನ್ನು ಅವರಿಂದ ಕೇಳಿದವರೊಬ್ಬರು ಅವರನ್ನೇ ದಿಟ್ಟಿಸಿ ನೋಡತೊಡಗಿದರು. ಅಬಾನ್ ಆ ನೋಟದ ಅರ್ಥ ತಿಳಿದು, ಏಕೆ ಹಾಗೆ ನೋಡುತ್ತೀರಿ ಎಂದು ಕೇಳಿದರು. ತಾನೂ ಸುಳ್ಳಾಡಿಲ್ಲ, ತಂದೆಯೂ ಸುಳ್ಳಾಡಿಲ್ಲ, ಇದು ಬಡಿದ ದಿನ ಕೋಪದಲ್ಲಿ ಆ ದುಆ ಹೇಳಲು ಮರೆತಿದ್ದೆ ಎಂದು ತಿಳಿಸಿದರು. ಅಬೂದಾವೂದ್‌ನಲ್ಲಿ ಈ ವರದಿಯಿದೆ. ಸಾಮಾನ್ಯವಾಗಿ ದುಆದ ಮಹತ್ವಕ್ಕಾಗಿ ಇದನ್ನು ಹೇಳುತ್ತೇವೆ. ನಮಗೆ ಈಗ ಆ ನೋಟವೇ ಕಾಣುತ್ತದೆ. ಯಾವ ಪಾಪಕ್ಕೆ, ಯಾವ ತಪ್ಪಿಗೆ ಎಂದು ಹುಡುಕುವ ನೋಟ. ಅಬಾನ್‌ಗೆ ಉತ್ತರಿಸಲು ಮಾತಿತ್ತು. ಬಸ್ರಾದ ದೊಡ್ಡ ಲೇಖಕ ಅಲ್ ಜಾಹಿಝ್ ಹಿಜರಿ 255ರಲ್ಲಿ ತೀರಿಕೊಂಡಾಗ ವರ್ಷಗಳಿಂದ ಅರ್ಧಾಂಗವಾಯು ಪೀಡಿತರಾಗಿದ್ದರು. ಅವರನ್ನು ಜನ ಪುಸ್ತಕಗಳಿಂದ ನೆನೆಯುತ್ತಾರೆ.

ನಮ್ಮ ಜಮಾಅತ್ ಕಮಿಟಿಯವರು ಈಗ ವುಝೂ ಖಾನೆಯ ಒಂದು ಮೂಲೆಯಲ್ಲಿ ಎತ್ತರದ ಆಸನ, ಗೋಡೆಗೆ ಹಿಡಿಕೆ, ಒಂದು ಮರೆ ಹಾಕಿಸಿದ್ದಾರೆ. ಮೆಟ್ಟಿಲ ಪಕ್ಕ ಇಳಿಜಾರೂ ಆಗಿದೆ. ಖರ್ಚು ನಾವು ಹೆದರಿದಷ್ಟು ಆಗಲಿಲ್ಲ.

ಇನ್ನು ಬಿಡದೆ ಹೇಳಬೇಕಾದ ಎರಡು ವಿಷಯ. ಒಮ್ಮೆ ಪಾರ್ಶ್ವವಾಯು ಬಂದವರಿಗೆ ಮತ್ತೆ ಬರುವ ಅಪಾಯ ಇತರರಿಗಿಂತ ಹೆಚ್ಚು. ಬಿಪಿ, ಶುಗರ್ ಮತ್ತು ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳನ್ನು ಈಗ ಚೆನ್ನಾಗಿದ್ದೇನೆ ಎಂದು ನಿಲ್ಲಿಸಬಾರದು, ರಮಝಾನ್ ಎಂದೂ ನಿಲ್ಲಿಸಬಾರದು. ಉಪವಾಸ ಹಿಡಿಯಬಹುದೇ ಎಂದು ವೈದ್ಯರನ್ನು ಮೊದಲೇ ಕೇಳಿ. ಅವರು ಬೇಡವೆಂದರೆ, ಗುಣವಾಗುವ ಭರವಸೆಯಿಲ್ಲದವರಿಗೆ ಫಿದ್ಯಾ ಇದೆ. ಎರಡನೆಯದು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕೈಕಾಲಿನ ಚಲನೆ ಕಳೆದುಕೊಂಡವರೂ, ನರದ ಕಾರಣದಿಂದ ಮಾತು ಕಳೆದುಕೊಂಡವರೂ ಸೇರುತ್ತಾರೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿದೆಯೆಂದು ಸರಕಾರಿ ವೈದ್ಯರ ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಗಳಿಗೆ ಅರ್ಹತೆ ಬರುತ್ತದೆ. ನಮ್ಮ ಮೊಹಲ್ಲಾದಲ್ಲಿ ಇದನ್ನು ಮಾಡಿಸಿಕೊಂಡವರು ಇಬ್ಬರೇ. ಅರ್ಜಿ ತುಂಬಲು ಬಾರದವರು ಇಶಾ ನಂತರ ಮದ್ರಸಾದ ಕೋಣೆಗೆ ಬನ್ನಿ, ಹುಡುಗರು ತುಂಬಿಕೊಡುತ್ತಾರೆ.

ಮೊದಲ ಮೂರು ತಿಂಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ನಿಂತುಬಿಡುವುದಿಲ್ಲ. ಚಾಚಾ ಕಳೆದ ವರ್ಷದಿಂದ ಮನೆಯಲ್ಲೇ ಕುಳಿತು, ಚಾಚಿ ಬಟ್ಟೆ ಹಿಡಿದುಕೊಂಡರೆ, ಎಡಗೈಯಲ್ಲಿ ಗುಂಡಿ ಹೊಲಿಯುತ್ತಾರೆ. ಮೊಹಲ್ಲಾದ ಹುಡುಗರ ಅಂಗಿಗಳು ಅಲ್ಲಿಗೇ ಹೋಗುತ್ತವೆ.

ಜುಮಾದ ನಂತರ ಬಂದ ಪ್ರಶ್ನೆಗಳಲ್ಲಿ ಒಂದನ್ನು ಚಾಚಿಯೇ ಮಗನ ಕೈಯಲ್ಲಿ ಚೀಟಿ ಬರೆಸಿ ಕಳಿಸಿದ್ದರು. ಫಾತಿಹಾ ಪೂರ್ತಿ ಬರುತ್ತದೆ, ಆದರೆ ಅದರ ಮುಂದಿನ ಸೂರಃಗಳಲ್ಲಿ ಆಯತ್‌ಗಳು ಬೆರೆತುಹೋಗುತ್ತವೆ, ರುಕೂಅ್‌ನಲ್ಲಿ ಹೇಳಬೇಕಾದದ್ದನ್ನು ಸುಜೂದ್‌ನಲ್ಲಿ ಹೇಳುತ್ತಾರೆ, ಅವರ ನಮಾಝ್ ಆಗುತ್ತದೆಯೇ, ಜಮಾಅತ್‌ಗೆ ಬಂದರೆ ಪಕ್ಕದವರ ನಮಾಝ್‌ಗೆ ತೊಂದರೆಯಾಗುತ್ತದೆಯೇ ಎಂದು. ಆಗುತ್ತದೆ, ತೊಂದರೆಯಾಗುವುದಿಲ್ಲ ಎಂದು ಅದೇ ಚೀಟಿಯ ಹಿಂದೆ ಬರೆದು ಕಳಿಸಿದೆವು. ಕುರ್ಚಿಯನ್ನು ಮೊದಲ ಸಫ್‌ನ ಬಲ ತುದಿಯಲ್ಲಿ, ಗೋಡೆಯ ಪಕ್ಕ ಇಟ್ಟಿದ್ದೇವೆ. ಅಲ್ಲಿ ಅವರ ಬಲಗೈಗೆ ಯಾರೂ ತಾಗುವುದಿಲ್ಲ.